ಚಪ್ಪಲಿ ಜಾರಿದ್ದು ಗೊತ್ತಾಗುತ್ತದೆಯೇ?

ಪ್ರತಿ ತಿಂಗಳ ಮೊದಲ ದಿನ ನಮ್ಮ ನ್ಯೂರಾಲಜಿ (ನರರೋಗ) ವಾರ್ಡಿಗೆ ಮೆಡಿಸಿನ್ ವಿಭಾಗದ ಇಬ್ಬರು ಪಿಜಿಗಳು, ಅಂದರೆ ಎಂಡಿ ಓದುವ ಡಾಕ್ಟರುಗಳು, ಬರುತ್ತಾರೆ. ಮೂರು ವರ್ಷದ ಎಂಡಿಯಲ್ಲಿ ಅವರು ನಮ್ಮ ಹತ್ತಿರ ಇರುವುದು ಒಂದೇ ತಿಂಗಳು. ಭಾನುವಾರ, ನೈಟ್ ಡ್ಯೂಟಿ, ಥೀಸಿಸ್ ಕೆಲಸ ಎಲ್ಲ ಕಳೆದರೆ ನನ್ನ ಕೈಗೆ ಸಿಗುವುದು ಸುಮಾರು 20 ದಿನ. ಆ 20 ದಿನದಲ್ಲಿ ಏನು ಕಲಿಸಬೇಕು ಅನ್ನುವುದನ್ನು ನಾನು ಇಷ್ಟು ವರ್ಷವೂ ಯೋಚಿಸುತ್ತಲೇ ಇದ್ದೇನೆ.

ಹೋದ ತಿಂಗಳು ಬಂದ ಹುಡುಗ ಮೊದಲ ದಿನವೇ ಹೇಳಿದ: "ಮೇಡಂ, ನ್ಯೂರೋ ಅಂದರೆ ನನಗೆ ಭಯ." ಅವನೊಬ್ಬನೇ ಅಲ್ಲ, ಬಹಳ ಮಂದಿಗೆ ಇದೆ. ಈ ಭಯಕ್ಕೆ ಹೆಸರೂ ಇದೆ. 1994ರಲ್ಲಿ ಅಮೆರಿಕದ ನರರೋಗ ತಜ್ಞ ರಾಲ್ಫ್ ಜೋಸೆಫೊವಿಚ್ ಇದನ್ನು 'ನ್ಯೂರೋಫೋಬಿಯಾ' ಎಂದು ಕರೆದರು. ಎಂಬಿಬಿಎಸ್‌ನಲ್ಲಿ ನರಗಳ ಹಾದಿಯನ್ನೆಲ್ಲ ಬಾಯಿಪಾಠ ಮಾಡಿರುತ್ತಾರೆ. ರೋಗಿಯ ಎದುರು ನಿಂತಾಗ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ.

ನಾನು ಅವನಿಗೆ ಪುಸ್ತಕ ಕೊಡಲಿಲ್ಲ. ಏಳನೇ ಬೆಡ್ಡಿನ ಅಜ್ಜನನ್ನು ನೋಡಿ ಬಾ ಅಂದೆ.

ಅಜ್ಜನಿಗೆ 62 ವರ್ಷ. ರಾಣೆಬೆನ್ನೂರು ಕಡೆಯವರು, ಗೋವಿನಜೋಳ ಬೆಳೆಯುವವರು. 11 ವರ್ಷದಿಂದ ಶುಗರ್, ಅಷ್ಟೂ ವರ್ಷ ಮೆಟ್‌ಫಾರ್ಮಿನ್ ಗುಳಿಗೆ. ನಾಲ್ಕು ತಿಂಗಳಿಂದ ಎರಡೂ ಕಾಲು ಜೋಮು, ನಡೆಯಲು ಕಷ್ಟ. ಹುಡುಗ ಒಂದು ಗಂಟೆ ಬಿಟ್ಟು ಕೇಸ್ ಶೀಟ್ ತಂದ. "ಡಯಾಬಿಟಿಕ್ ನ್ಯೂರೋಪತಿ", ಅಂದರೆ ಶುಗರಿನಿಂದ ಬಂದ ನರದೋಷ ಅಂತ ಬರೆದಿದ್ದ. ಸೊಂಟದ ಎಂಆರ್‌ಐಗೆ ಫಾರ್ಮ್ ತುಂಬಿ ಪಿನ್ ಮಾಡಿದ್ದ.

"ಅಜ್ಜನ ಚಪ್ಪಲಿ ನೋಡಿದೆಯಾ?" ಅಂತ ಕೇಳಿದೆ. ನೋಡಿರಲಿಲ್ಲ. ಇಬ್ಬರೂ ಹೋದೆವು. ಮಂಚದ ಕೆಳಗೆ ಹವಾಯಿ ಚಪ್ಪಲಿ. ಎರಡಕ್ಕೂ ಹಿಮ್ಮಡಿಯ ಸುತ್ತ ಬರುವ ಹಾಗೆ ದಾರ ಕಟ್ಟಿತ್ತು.

"ಅಜ್ಜಾ, ಚಪ್ಪಲಿ ಜಾರ್ತಾವೇನು?"

"ಜಾರ್ತಾವ್ರಿ."

"ಜಾರಿದ್ದು ಗೊತ್ತಾಗತೈತೋ ಇಲ್ಲೋ?"

"ಎಲ್ಲಿ ಗೊತ್ತಾಗತೈತ್ರಿ. ಹೊಲದಿಂದ ಬಂದು ಕಾಲ್ ತೊಳಕೊಳ್ಳಾಕ ಹೋದ್ರ ಒಂದ ಚಪ್ಪಲಿ ಇರತಿತ್ತು. ಅದಕ್ಕ ದಾರ ಕಟ್ಟೀನ್ರಿ."

ನಮ್ಮ ದೇಶದ ನರರೋಗ ವಿಭಾಗಗಳಲ್ಲಿ ಈ ಚಪ್ಪಲಿ ಪ್ರಶ್ನೆ ಬಹಳ ಹಳೆಯದು. ನನಗೂ ನನ್ನ ಗುರುಗಳು ಕಲಿಸಿದ್ದು. ಚಪ್ಪಲಿ ಜಾರುವುದು ಗೊತ್ತಾಗಿ, ಹಿಡಿದುಕೊಳ್ಳಲು ಆಗದಿದ್ದರೆ ಪಾದದ ಶಕ್ತಿ ಕಡಿಮೆಯಾಗಿದೆ. ಜಾರಿದ್ದೇ ಗೊತ್ತಾಗದಿದ್ದರೆ ಸ್ಪರ್ಶ ಹೋಗಿದೆ. ಒಂದೇ ಪ್ರಶ್ನೆಯಲ್ಲಿ ಎರಡು ದಾರಿ ಬೇರೆಯಾಗುತ್ತವೆ. ಹುಡುಗ ಕೇಸ್ ಶೀಟಿನಲ್ಲಿ 'ವೀಕ್‌ನೆಸ್' ಅಂತ ಬರೆದಿದ್ದ. ಅಜ್ಜನ ಕಾಲಿನಲ್ಲಿ ಶಕ್ತಿ ಚೆನ್ನಾಗಿಯೇ ಇತ್ತು.

ಮುಂದಿನದನ್ನು ಅವನೇ ಕೇಳಲಿ ಅಂತ ಬಿಟ್ಟೆ. ಸ್ವಲ್ಪ ಯೋಚಿಸಿ ಕೇಳಿದ: ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ವಾಲುತ್ತೀರಾ? ಅಜ್ಜ, ಗೋಡೆ ಹಿಡಿದುಕೊಂಡೇ ಮುಖ ತೊಳೆಯುವುದು ಅಂದರು. ಕತ್ತಲಲ್ಲಿ ಹೊಲಕ್ಕೆ ನೀರು ಬಿಡಲು ಹೋಗುವುದನ್ನು ಬಿಟ್ಟು ಎರಡು ತಿಂಗಳಾಯಿತಂತೆ. ಕಣ್ಣು ತೆರೆದಿರುವವರೆಗೆ ಕಾಲು ಎಲ್ಲಿದೆ ಅಂತ ತಿಳಿಯುತ್ತದೆ, ಕಣ್ಣು ಮುಚ್ಚಿದರೆ ಇಲ್ಲ. ಬಡಿದರೆ ಅದುರುವ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಕಾಲಿನ ಹೆಬ್ಬೆರಳಿನ ಮೇಲೆ ಇಟ್ಟರೆ ಅದುರುವುದೇ ತಿಳಿಯಲಿಲ್ಲ, ಹಿಮ್ಮಡಿ ಗಂಟಿನ ಮೇಲೂ ಇಲ್ಲ. ಹಿಮ್ಮಡಿಯ ರಿಫ್ಲೆಕ್ಸ್ ಇರಲಿಲ್ಲ. ಇಲ್ಲಿಯವರೆಗೆ ಶುಗರ್ ನರದೋಷ ಅಂತಲೂ ಹೇಳಬಹುದು.

ಆಮೇಲೆ ಅಂಗಾಲು ಗೀರಿದ. ಹೆಬ್ಬೆರಳು ನಿಧಾನವಾಗಿ ಮೇಲೆ ಎದ್ದಿತು. ಅವನ ಮುಖ ನೋಡಬೇಕಿತ್ತು. 1896ರಲ್ಲಿ ಬಾಬಿನ್ಸ್ಕಿ ಪ್ಯಾರಿಸ್‌ನಲ್ಲಿ ಹೇಳಿದ ಈ ಸಣ್ಣ ಪರೀಕ್ಷೆಗೆ ಒಂದು ಬೀಗದ ಕೈ ಸಾಕು. ಶುಗರ್ ನರದೋಷದಿಂದ ಆ ಬೆರಳು ಮೇಲೇಳುವುದಿಲ್ಲ. ಮೇಲೆದ್ದರೆ ತೊಂದರೆ ಬೆನ್ನುಹುರಿಯಲ್ಲೋ ಮೆದುಳಿನಲ್ಲೋ ಇದೆ.

ರಕ್ತದ ರಿಪೋರ್ಟ್ ಮೊದಲೇ ಬಂದಿತ್ತು. ಹಿಮೋಗ್ಲೋಬಿನ್ 9, ಕಡಿಮೆ; ಕೆಂಪು ಕಣಗಳ ಗಾತ್ರ 114, ಇರಬೇಕಾದದ್ದಕ್ಕಿಂತ ದೊಡ್ಡದು. ಯಾರೂ ಅದನ್ನು ಕಾಲಿನ ಜೊತೆ ಸೇರಿಸಿ ನೋಡಿರಲಿಲ್ಲ. ಬಿ12 ವಿಟಮಿನ್ ತೀರಾ ಕಡಿಮೆ ಬಂತು. ಅದು ಕಡಿಮೆಯಾದರೆ ಕೆಂಪು ಕಣ ದೊಡ್ಡದಾಗುತ್ತದೆ, ನರ ಮತ್ತು ಬೆನ್ನುಹುರಿಯೂ ಕೆಡುತ್ತವೆ. ಅಜ್ಜ ಸಸ್ಯಾಹಾರಿ, ಹಾಲು ಸೇರುವುದಿಲ್ಲ. ಮೇಲೆ 11 ವರ್ಷದ ಮೆಟ್‌ಫಾರ್ಮಿನ್. ಆ ಗುಳಿಗೆ ಬಹಳ ವರ್ಷ ತಿಂದರೆ ಕೆಲವರಿಗೆ ಬಿ12 ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇದು ಮೆಡಿಸಿನ್‌ನವರಿಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯ ಅಲ್ವಾ? ನ್ಯೂರೋ ವಾರ್ಡಿಗೆ ಬಂದ ಕೂಡಲೇ ತಮ್ಮ ಮೆಡಿಸಿನ್ನನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಾರೆ. ನನಗೆ ಬೇಸರವಾಗುವುದು ಅಲ್ಲಿ.

ಎಂಆರ್‌ಐ ವಿಷಯವನ್ನೂ ಹೇಳಬೇಕು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ, ಮೊದಲ ಲಂಬಾರ್ ಮೂಳೆಯ ಹತ್ತಿರ ಮುಗಿಯುತ್ತದೆ. ಹೆಬ್ಬೆರಳು ಮೇಲೆದ್ದ ಮೇಲೆ ಸೊಂಟದ ಚಿತ್ರ ತೆಗೆಯುವುದು ತಪ್ಪು ಜಾಗದಲ್ಲಿ ಹುಡುಕಿದ ಹಾಗೆ. ಬರೀ ಖರ್ಚಾದರೆ ಪರವಾಗಿಲ್ಲ ಅನ್ನಬಹುದಿತ್ತು. 62 ವರ್ಷದ ರೈತನ ಸೊಂಟದಲ್ಲಿ ಡಿಸ್ಕ್ ಸವೆದಿರುವುದು ಕಂಡೇ ಕಾಣುತ್ತದೆ. ಅದನ್ನೇ ಕಾರಣ ಅಂದುಕೊಂಡು ಅಜ್ಜನನ್ನು ಆಪರೇಷನ್‌ವರೆಗೆ ಕರೆದುಕೊಂಡು ಹೋಗುವ ಅಪಾಯ ಇತ್ತು. ಹುಡುಗ ತಾನೇ ಪಿನ್ ತೆಗೆದು ಫಾರ್ಮ್ ಹರಿದ. ಕುತ್ತಿಗೆ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಬೇರೆ ಬರೆದ. 1000 ಮೈಕ್ರೋಗ್ರಾಂ ಬಿ12 ಇಂಜೆಕ್ಷನ್ ಅವತ್ತೇ ಶುರುವಾಯಿತು.

ಈ ಪ್ರಶ್ನೆಗಳನ್ನು ರೋಗಿಯ ಮಾತಿನಲ್ಲೇ ಕೇಳಬೇಕು. ಸರ್ಕಾರಿ ಕಾಲೇಜಿನ ಪಿಜಿ ಸೀಟಿನಲ್ಲಿ ಅರ್ಧ ಅಖಿಲ ಭಾರತ ಕೋಟಾ. ರಾಜಸ್ಥಾನ, ಕೇರಳ, ಬಿಹಾರದಿಂದ ಮಕ್ಕಳು ಬರುತ್ತಾರೆ, ಕಷ್ಟಪಟ್ಟು ಕನ್ನಡ ಕಲಿಯುತ್ತಾರೆ. ಅವರ ಮೇಲೆ ನನಗೆ ತುಂಬಾ ಗೌರವ. ಆದರೂ ಒಮ್ಮೆ ಒಬ್ಬ ಅವ್ವನ ಕೇಸ್ ಶೀಟಿನಲ್ಲಿ 'ಗೊಂದಲದಲ್ಲಿದ್ದಾರೆ' ಅಂತ ಬರೆದು, ಎಚ್ಚರ ಎಷ್ಟಿದೆ ಅಂತ ಅಳೆಯುವ ಗ್ಲಾಸ್ಗೋ ಸ್ಕೋರಿನಲ್ಲಿ ಒಂದು ಅಂಕ ಕಳೆದಿದ್ದರು. ಆ ಅವ್ವ ಮಾತಾಡುತ್ತಿದ್ದುದು ಲಂಬಾಣಿ. ವಾರ್ಡಿನ ಆಯಾ ಬಂದು ಅವರ ಭಾಷೆಯಲ್ಲಿ ಕೇಳಿದಾಗ ಊರು, ವಾರ, ಮಗಳ ಹೆಸರು ಎಲ್ಲ ಸರಿಯಾಗಿ ಹೇಳಿದರು. ಮಾತು ಹೋಗಿದೆಯೋ ಇಲ್ಲವೋ ಅನ್ನುವುದನ್ನು ಗೊತ್ತಿಲ್ಲದ ಭಾಷೆಯಲ್ಲಿ ಪರೀಕ್ಷೆ ಮಾಡಬಾರದು.

ಕನ್ನಡದವರಿಗೂ ತೊಡಕಿದೆ. "ತಲಿ ತಿರಗತೈತ್ರಿ" ಅಂದರೆ ಒಬ್ಬರಿಗೆ ಮನೆ ಗರಗರ ತಿರುಗಿದ ಹಾಗೆ, ಇನ್ನೊಬ್ಬರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದ ಹಾಗೆ, ಮತ್ತೊಬ್ಬರಿಗೆ ನಡೆಯುವಾಗ ತೂರಾಡಿದ ಹಾಗೆ. ಮೂರಕ್ಕೂ ಕಾರಣ ಬೇರೆ, ಔಷಧ ಬೇರೆ. ಸುಮ್ನೆ 'ವರ್ಟಿಗೋ' ಅಂತ ಬರೆದು ಗುಳಿಗೆ ಕೊಟ್ಟರೆ ಆಗಲಿಲ್ಲ. ಫಿಟ್ಸ್ ಬಂದವರಿಗೆ ತಲೆಗೆ ಬಿಸಿನೀರು ಹುಯ್ದುಕೊಂಡಾಗಲೇ ಬಂತಾ ಅಂತ ಕೇಳಬೇಕು. ಹೊರಗಿನ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ಹಳೆ ಮೈಸೂರು ಕಡೆ ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತಲೆ ಮೇಲೆ ಸುರಿದುಕೊಳ್ಳುವಾಗ ಬರುವ ಫಿಟ್ಸ್ ಬಗ್ಗೆ ಡಾ. ಕೆ.ಎಸ್. ಮಣಿ, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ವಿವರವಾಗಿ ಬರೆದಿದ್ದಾರೆ. ನೀರಿನ ಬಿಸಿ ಕಡಿಮೆ ಮಾಡಿದರೆ ಎಷ್ಟೋ ಜನರಿಗೆ ನಿಲ್ಲುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಮಾತ್ರ ಕ್ಲೋಬಜಾಮ್ ಗುಳಿಗೆ ಸಾಕಾಗುತ್ತದೆ.

ಈ ಮಕ್ಕಳಲ್ಲಿ ಹೆಚ್ಚಿನವರು ನರರೋಗ ತಜ್ಞರಾಗುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲೋ ತಾಲ್ಲೂಕಿನಲ್ಲೋ ರಾತ್ರಿ ಒಬ್ಬರೇ ಇರುತ್ತಾರೆ. ಅಲ್ಲಿ ನಾನಿರುವುದಿಲ್ಲ. ಅದಕ್ಕೇ ಅಪರೂಪದ ಕಾಯಿಲೆಗಳ ಪಟ್ಟಿ ಓದಿಸುವುದನ್ನು ಬಿಟ್ಟೆ. ಆ ಒಂಟಿ ರಾತ್ರಿಗೆ ಬೇಕಾದದ್ದನ್ನು ಮಾತ್ರ ಕೈಗೆ ಹತ್ತಿಸಬೇಕು ಅನ್ನುವುದು ನನ್ನ ಹಟ.

ಲಕ್ವ ಹೊಡೆದು ಬಂದವರ ಮನೆಯವರನ್ನು "ಯಾವಾಗ ಶುರುವಾಯಿತು?" ಅಂತ ಕೇಳಿದರೆ "ಬೆಳಿಗ್ಗೆ ಎದ್ದಾಗ" ಅನ್ನುತ್ತಾರೆ. ಅದು ನೋಡಿದ ಹೊತ್ತು, ಶುರುವಾದ ಹೊತ್ತಲ್ಲ. "ಕೊನೆಗೆ ಚೆನ್ನಾಗಿ ಇದ್ದದ್ದನ್ನು ಯಾರು, ಯಾವಾಗ ನೋಡಿದರು?" ಅಂತ ಕೇಳಬೇಕು. ರಕ್ತ ಗಟ್ಟಿಯಾದದ್ದನ್ನು ಕರಗಿಸುವ ಇಂಜೆಕ್ಷನ್ನಿನ ನಾಲ್ಕೂವರೆ ಗಂಟೆ ಅಲ್ಲಿಂದ ಎಣಿಕೆ. ಅದಕ್ಕೂ ಮುಂಚೆ ಬೆರಳು ಚುಚ್ಚಿ ಶುಗರ್ ನೋಡಬೇಕು, ಶುಗರ್ ಇಳಿದರೂ ಕೈಕಾಲು ಬೀಳುತ್ತದೆ. ಫಿಟ್ಸ್ ಐದು ನಿಮಿಷ ದಾಟಿದರೆ ಕಾಯಬಾರದು. ಫಿಟ್ಸ್ ನಿಲ್ಲಿಸುವ ಲೊರಾಜೆಪಾಮ್ 4 ಮಿಲಿಗ್ರಾಂ ಬೇಕಾದ ದೊಡ್ಡವರಿಗೆ ಹೆದರಿ 1 ಮಿಲಿಗ್ರಾಂ ಕೊಡುತ್ತಾರೆ. ಉಸಿರು ನಿಲ್ಲುವ ಭಯ. ಫಿಟ್ಸ್ ನಿಲ್ಲದಿದ್ದರೆ ಆ ಅಪಾಯವೇ ಜಾಸ್ತಿ.

ನರಗಳು ಕೆಟ್ಟು ಕೈಕಾಲಿನ ಜೊತೆ ಉಸಿರಿನ ಶಕ್ತಿಯೂ ಕುಸಿಯಬಹುದಾದ ಗೀಯಾನ್ ಬಾರೆ ಕಾಯಿಲೆ ಬಂದ 19 ವರ್ಷದ ಹುಡುಗಿಯನ್ನು ದಿನಕ್ಕೆ ನಾಲ್ಕು ಸಲ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಣಿಸಲು ಹೇಳಿ ಅಂತ ಪಿಜಿಗಳಿಗೆ ಹೇಳಿದ್ದೆ. ಬೆಳಿಗ್ಗೆ 26, ಮಧ್ಯಾಹ್ನ 19, ಸಂಜೆ 13. ಆಗಲೂ ಬೆರಳಿಗೆ ಹಾಕಿದ ಯಂತ್ರ ಆಕ್ಸಿಜನ್ 98 ತೋರಿಸುತ್ತಿತ್ತು. ಯಂತ್ರದ ಅಂಕಿ ಇಳಿಯುವುದು ಕೊನೆಗೆ. ಎಣಿಕೆ ನೋಡಿಯೇ ಐಸಿಯುಗೆ ಕಳಿಸಿದೆವು.

ನನ್ನ ಎಂಡಿ ದಿನಗಳ ಒಂದು ರಾತ್ರಿಯನ್ನು ಪ್ರತಿ ತಂಡಕ್ಕೂ ಹೇಳುತ್ತೇನೆ. ಯಾವ ಆಸ್ಪತ್ರೆ ಅನ್ನುವುದು ಬೇಡ. ಹತ್ತು ವರ್ಷದ ಹುಡುಗ, ನಸುಕಿನಲ್ಲಿ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಬಿದ್ದವು, ಉಸಿರು ನಿಂತಿತು. ಟ್ಯೂಬ್ ಹಾಕಿದ್ದೆವು. ಕಣ್ಣಿನ ಪಾಪೆ ದೊಡ್ಡದು, ಬೆಳಕಿಗೆ ಅಲುಗಲಿಲ್ಲ. ಮೆದುಳು ಹೋಗಿದೆ ಅಂತ ನಾನೇ ಬರೆದೆ. ತಂದೆಗೆ ಹೇಳಲು ಹೊರಟಿದ್ದೆ. ರಾತ್ರಿ ಡ್ಯೂಟಿ ಸಿಸ್ಟರ್ ತಾಯಿಯನ್ನು ಕೇಳಿದರು: "ಮಗ ಎಲ್ಲಿ ಮಲಗಿದ್ದ, ಅವ್ವಾ?" ನೆಲದ ಮೇಲೆ, ಜೋಳದ ಚೀಲದ ಪಕ್ಕ. ಕಟ್ಟು ಹಾವು ಕಚ್ಚಿದರೆ ಎಷ್ಟೋ ಸಲ ಗುರುತೇ ಇರುವುದಿಲ್ಲ, ನೋವೂ ಇರುವುದಿಲ್ಲ. ವಿಷ ಸ್ನಾಯುಗಳನ್ನೆಲ್ಲ ಕಟ್ಟಿ ಹಾಕುತ್ತದೆ, ಪಾಪೆಯನ್ನೂ. ಒಳಗೆ ಹುಡುಗನಿಗೆ ಎಚ್ಚರ ಇರಬಹುದು. ವಿಷಕ್ಕೆ ಔಷಧ ಕೊಟ್ಟು ವೆಂಟಿಲೇಟರಿನಲ್ಲಿ ಇಟ್ಟೆವು. ಐದನೇ ದಿನ ಕಾಲಿನ ಬೆರಳು ಅಲ್ಲಾಡಿಸಿದ. ನಾನು ಮಂಚದ ಪಕ್ಕ ನಿಂತು ಏನೇನು ಮಾತಾಡಿದ್ದೆನೋ, ಅವನು ಎಲ್ಲ ಕೇಳಿಸಿಕೊಂಡಿರಬಹುದು. ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮೊನ್ನೆ ರಾತ್ರಿ ಎರಡು ವರ್ಷದ ಹಿಂದಿನ ಪಿಜಿ ಫೋನ್ ಮಾಡಿದಳು. ಈಗ ಒಂದು ಜಿಲ್ಲಾ ಆಸ್ಪತ್ರೆಯಲ್ಲಿದ್ದಾಳೆ.

"ಮೇಡಂ, 70 ವರ್ಷದ ಯಜಮಾನರು. ಬಲಗೈ ಬಲಗಾಲು ಬಿದ್ದಿತ್ತು, ಮಾತಿರಲಿಲ್ಲ. 9 ಗಂಟೆಗೆ ಸೊಸೆ ಊಟ ಬಡಿಸಿದಾಗ ಚೆನ್ನಾಗಿದ್ದರಂತೆ, ಸರಿಯಾಗಿ ಉಣ್ಣಲಿಲ್ಲ. ಬಂದದ್ದು 11ಕ್ಕೆ. ಶುಗರ್ 38. 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹಾಕಿದೆ. ಈಗ ಕೈ ಎತ್ತುತ್ತಿದ್ದಾರೆ. ಸೊಸೆಯನ್ನು ಹೆಸರು ಹಿಡಿದು ಕರೆದರು."

"ಬಿ1 ವಿಟಮಿನ್, ಥಯಮಿನ್ ಕೊಟ್ಟೆಯಾ?"

"ಕುಡಿಯುತ್ತಾರೆ ಅಂದರು. ಮೊದಲು ಅದನ್ನೇ ಕೊಟ್ಟೆ."

"ಯಾವ ಗುಳಿಗೆ ತಿನ್ನುತ್ತಾರೆ?"

"ಶುಗರ್ ಇಳಿಸುವ ಗ್ಲಿಮೆಪಿರೈಡ್."

"ಹಾಗಾದರೆ ಈಗಲೇ ಮನೆಗೆ ಬಿಡಬೇಡಮ್ಮಾ. ಶುಗರ್ ಮತ್ತೆ ಇಳಿಯುತ್ತದೆ. ಡೆಕ್ಸ್‌ಟ್ರೋಸ್ ಡ್ರಿಪ್ ನಡೆಯಲಿ, ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡು. ಕಿಡ್ನಿ ರಿಪೋರ್ಟ್ ಬಂದ ಮೇಲೆ ಮತ್ತೆ ಫೋನ್ ಮಾಡು, ನಾನು ಎಚ್ಚರ ಇರುತ್ತೇನೆ."