ಆಂಟೆನಾ ಕೊಳ್ಳುವ ಮುನ್ನ ತಾರಸಿ ಹತ್ತಿ

ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ನಾನು ಇನ್‌ಸ್ಟ್ರಕ್ಟರ್. ನಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೋ ಕೇಂದ್ರದ ಉಸ್ತುವಾರಿಯೂ ನನ್ನದೇ. ಕಳೆದ ವಾರ ಪಕ್ಕದ ತಾಲ್ಲೂಕಿನ ಕಾಲೇಜಿನವರು ಫೋನ್ ಮಾಡಿ, "ಸರ್, ಹಣ ಮಂಜೂರಾಗಿದೆ, ಮೂರು ಬ್ಯಾಂಡಿಗೂ ಆಗುವಂಥ ಒಳ್ಳೆಯ ಬೀಮ್ ಆಂಟೆನಾ ಯಾವುದು ಹೇಳಿ" ಎಂದರು. ಬೀಮ್ ಎಂದರೆ ಒಂದೇ ದಿಕ್ಕಿಗೆ ಹೆಚ್ಚು ಶಕ್ತಿ ಕಳಿಸುವ ಆಂಟೆನಾ. "ನಿಮ್ಮ ತಾರಸಿ ಹೇಗಿದೆ?" ಎಂದು ಕೇಳಿದೆ. ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳದೆ ಒಮ್ಮೆ ಕಾಲೇಜಿನ ಹಣ ಪೋಲು ಮಾಡಿದ್ದೇನೆ.

ನಮಗೆ ಬೇಕಿದ್ದದ್ದು 14, 21 ಮತ್ತು 28 ಮೆಗಾಹರ್ಟ್ಸ್ ಬ್ಯಾಂಡುಗಳು. ಮೂವರು ತಯಾರಕರ ಗೇನ್ (ಬೇಕಾದ ದಿಕ್ಕಿಗೆ ಆಂಟೆನಾ ಸಂಕೇತವನ್ನು ಎಷ್ಟು ಬಲಪಡಿಸುತ್ತದೆ ಎಂದು ಡೆಸಿಬೆಲ್‌ನಲ್ಲಿ ಹೇಳುವ ಅಳತೆ) ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ದೊಡ್ಡ ಅಂಕಿ ಇದ್ದದ್ದನ್ನು ಆರಿಸಿದೆ. ಅವು ಒಂದೇ ಅಳತೆಯ ಅಂಕಿಗಳಲ್ಲ ಎಂಬುದು ತಿಳಿದದ್ದು ಆಮೇಲೆ. ಒಬ್ಬರು ಡೈಪೋಲ್ ಎಂಬ ಸರಳ ತಂತಿ ಆಂಟೆನಾಕ್ಕೆ ಹೋಲಿಸಿ ಹೇಳಿದ್ದರು. ಇನ್ನೊಬ್ಬರು ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದ್ದರು, ಅಷ್ಟರಿಂದಲೇ 2.15 ಡೆಸಿಬೆಲ್ ಹೆಚ್ಚು ಕಾಣುತ್ತದೆ. ಮೂರನೆಯವರು ನೆಲದಿಂದ ಪ್ರತಿಫಲಿಸಿ ಬರುವುದನ್ನೂ ಕೂಡಿಸಿದ್ದರು. ಅದು ಐದಾರು ಡೆಸಿಬೆಲ್ ಏರಿಸುತ್ತದೆ. ಪಾವಿನಲ್ಲಿ ಅಳೆದ ರಾಗಿಯನ್ನೂ ಸೇರಿನಲ್ಲಿ ಅಳೆದದ್ದನ್ನೂ ಬರೀ ಎಣಿಕೆ ನೋಡಿ ಹೋಲಿಸಿದ ಹಾಗಾಯಿತು. ಒಂದೇ ಅಳತೆಗೆ ತಂದರೆ ಮೂರು ಎಲಿಮೆಂಟಿನ (ಅಡ್ಡ ಕೊಳವೆಗಳ) ಯಾಗಿ ಎಂಬ ಬೀಮ್‌ಗೂ ತಂತಿಯ ಹೆಕ್ಸ್‌ಬೀಮ್‌ಗೂ ಇರುವ ಅಂತರ ಒಂದೆರಡು ಡೆಸಿಬೆಲ್ ಅಷ್ಟೇ. ಸಂಕೇತದ ಬಲ ತೋರಿಸುವ ಎಸ್ ಮೀಟರಿನ ಮುಳ್ಳು ಒಂದು ಅಂಕ ಏರಲು ಆರು ಡೆಸಿಬೆಲ್ ಬೇಕು.

ನಾನು ತರಿಸಿದ್ದು ಟ್ರ್ಯಾಪ್ ಇರುವ ಮೂರು ಎಲಿಮೆಂಟಿನ ಯಾಗಿ. ಉದ್ದನೆಯ ಎಲಿಮೆಂಟ್ ಸುಮಾರು ಎಂಟೂವರೆ ಮೀಟರ್. ಟ್ರ್ಯಾಪ್ ಎಂದರೆ ಅಲ್ಯುಮಿನಿಯಂ ಕೊಳವೆಯ ನಡುವೆ ಕೂರಿಸಿದ ಸುರುಳಿ ಮತ್ತು ಕೆಪಾಸಿಟರ್‌ಗಳ ಜೋಡಿ. 28ರಲ್ಲಿ ಒಳಗಿನ ಟ್ರ್ಯಾಪ್ ಬಾಗಿಲು ಹಾಕಿಕೊಳ್ಳುತ್ತದೆ, ಒಳತುಂಡು ಮಾತ್ರ ಕೆಲಸ ಮಾಡುತ್ತದೆ. 14ಕ್ಕೆ ಇಳಿದಾಗ ಎಲ್ಲ ಬಾಗಿಲುಗಳೂ ತೆರೆದು ಇಡೀ ಕೊಳವೆ ದುಡಿಯುತ್ತದೆ. ಬಹಳ ಜಾಣ ಏರ್ಪಾಡು, ಈಗಲೂ ಅದರ ಮೇಲೆ ನನಗೆ ಗೌರವವಿದೆ.

ಎರಡನೆಯ ವರ್ಷದ ಮಳೆಗಾಲದಲ್ಲಿ 21ರಲ್ಲಿ ಮಾತ್ರ ಎಸ್‌ಡಬ್ಲ್ಯುಆರ್ (ಶಕ್ತಿ ಆಂಟೆನಾದಿಂದ ಎಷ್ಟು ಹಿಂದಿರುಗುತ್ತಿದೆ ಎಂದು ಸೂಚಿಸುವ ಅಂಕಿ, ಒಂದಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಮೂರು ದಾಟಿತು. ಇಳಿಸಿ ನೋಡಿದೆವು. ನೀರು ಬಸಿದು ಹೋಗಲೆಂದು ಟ್ರ್ಯಾಪ್‌ನ ತಳದಲ್ಲಿ ಬಿಟ್ಟಿದ್ದ ಕಡ್ಡಿಗಾತ್ರದ ರಂಧ್ರಕ್ಕೆ ಕುಂಬಾರಹುಳು ಕೆಂಪು ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಮುಚ್ಚಳ ಬಿಚ್ಚಿದರೆ ಒಂದು ಚಮಚದಷ್ಟು ನೀರು ಅಂಗೈಗೆ ಸುರಿಯಿತು. ಸುರುಳಿಯ ಮೇಲೆ ಸುಣ್ಣದಂಥ ಬಿಳಿ ಹುಡಿ ಕೂತಿತ್ತು. ಇದು ಟ್ರ್ಯಾಪ್‌ನ ತಪ್ಪಲ್ಲ. ವರ್ಷಕ್ಕೊಮ್ಮೆ ಇಳಿಸಿ ನೋಡುವ ಅನುಕೂಲವೇ ಇಲ್ಲದ ಕಡೆ ಅದನ್ನು ಏರಿಸಿದ್ದು ನನ್ನ ತಪ್ಪು.

ಮರುವರ್ಷದ ಆಷಾಢ ಇನ್ನೂ ದೊಡ್ಡ ಏಟು ಕೊಟ್ಟಿತು. ಆಂಟೆನಾ ಹೊರುವ ಕಂಬ, ಅಂದರೆ ಮಾಸ್ಟ್, ಮಾಡಿಕೊಟ್ಟ ವೆಲ್ಡಿಂಗ್ ಅಂಗಡಿಯ ಯಜಮಾನರು ಮೊದಲೇ ಕೇಳಿದ್ದರು: "ತೂಕ ಸರಿ ಸರ್, ಗಾಳಿಗೆ ಎಷ್ಟು ಅಗಲ ಸಿಗುತ್ತದೆ?" ನನ್ನಲ್ಲಿ ಉತ್ತರವಿರಲಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂದು ತರಗತಿಯಲ್ಲಿ ಹೇಳುವವನೇ, ಬೀಮನ್ನು ತಿರುಗಿಸುವ ಮೋಟಾರಾದ ರೊಟೇಟರನ್ನು ಬರೀ ತೂಕ ನೋಡಿ ಕೊಂಡಿದ್ದೆ. ಹೊರುವುದಕ್ಕಿಂತ ತಡೆದು ನಿಲ್ಲಿಸುವುದೇ ಅದರ ಕಷ್ಟದ ಕೆಲಸ. ಒಂದು ಬೆಳಿಗ್ಗೆ ಬೀಮ್ ಗಾಳಿ ಬಂದತ್ತ ತಾನಾಗಿ ತಿರುಗುತ್ತಿತ್ತು. ರೊಟೇಟರನ್ನು ಮೇಜಿನ ಮೇಲೆ ಬಿಚ್ಚಿದಾಗ ಗಿಯರಿನ ನಾಲ್ಕು ಹಲ್ಲುಗಳು ಸವೆದು ಹೋಗಿದ್ದವು. ಗ್ರೀಸಿನ ತುಂಬ ಕರಿಎಳ್ಳಿನಂತೆ ಲೋಹದ ಚೂರುಗಳು.

ಈಗ ಮೇಲಿರುವುದು ಹೆಕ್ಸ್‌ಬೀಮ್. ಮಗುಚಿದ ಕೊಡೆಯಂತೆ ಆರು ಫೈಬರ್ ಕೋಲುಗಳು, ಅವುಗಳ ಮೇಲೆ ತಂತಿ. 14ರಿಂದ 28ರವರೆಗೆ ಐದು ಬ್ಯಾಂಡುಗಳು ಸಿಗುತ್ತವೆ. ತಿರುಗಲು ಸುತ್ತಲೂ ಮೂರು ಮೀಟರಿಗೆ ಸ್ವಲ್ಪ ಹೆಚ್ಚು ಜಾಗವಿದ್ದರೆ ಸಾಕು. ಎಲ್ಲ ಕಡೆಗೂ ಒಂದೇ ಆಕಾರವಾದ್ದರಿಂದ ಗಾಳಿ ಅದನ್ನು ತಿರುಚುವುದು ಕಡಿಮೆ. ಆದರೆ ಕೋತಿಗಳ ಕಾಟವಿರುವ ಊರಿಗೆ ಅಲ್ಯುಮಿನಿಯಂ ಯಾಗಿಯೇ ವಾಸಿ. ನಮ್ಮಲ್ಲಿ ಒಂದು ಕೋತಿ ಜೋತು ಬಿದ್ದು ಕೋಲು ಮುರಿದಿದೆ. ಬದಲಿ ಕೋಲನ್ನು ಸದಾ ಇಟ್ಟುಕೊಂಡಿರುತ್ತೇನೆ.

ರೊಟೇಟರಿಗೆ ಹಣ ಸಾಲದವರಿಗೆ ಒಂದು ಮಾತು. ಅಮೆರಿಕ ಪಶ್ಚಿಮಕ್ಕಿದೆ ಎಂದು ವಿದ್ಯಾರ್ಥಿಗಳು ಬೀಮನ್ನು ಅತ್ತ ತಿರುಗಿಸುತ್ತಾರೆ. ಭೂಗೋಳದ ಮೇಲೆ ದಾರ ಎಳೆದು ಹಿಡಿದು ನೋಡಿ: ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದರೆ ತುಮಕೂರಿನಿಂದ ನ್ಯೂಯಾರ್ಕ್ ಸುಮಾರು 335 ಡಿಗ್ರಿ, ಲಂಡನ್ 320 ಡಿಗ್ರಿ. ಎರಡೂ ವಾಯವ್ಯಕ್ಕೂ ಉತ್ತರಕ್ಕೂ ನಡುವೆ ಇವೆ, ಒಂದೇ ಬೀಮಿನ ಅಗಲದೊಳಗೆ ಬೀಳುತ್ತವೆ. ಆಂಟೆನಾವನ್ನು ಅತ್ತ ಬಿಗಿದು ನಿಲ್ಲಿಸಿದರೂ ಯುರೋಪ್ ಮತ್ತು ಪೂರ್ವ ಅಮೆರಿಕ ಕೈಗೆಟುಕುತ್ತವೆ. ಟೋಕಿಯೊ ಮಾತ್ರ ಈಶಾನ್ಯದಲ್ಲಿ, ಸುಮಾರು 56 ಡಿಗ್ರಿಯಲ್ಲಿದೆ. ಉಳಿದ ಹಣವನ್ನು ಕೇಬಲ್‌ಗೆ ಹಾಕಿ. ಐವತ್ತು ಮೀಟರ್ ತೆಳು ಆರ್‌ಜಿ 58 ಕೇಬಲ್, 28ರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ.

ಫೋನ್ ಮಾಡಿದವರದು ಮೂರು ಅಂತಸ್ತಿನ ಕಟ್ಟಡವಂತೆ. ಮೂಲೆಯಲ್ಲಿ ನೀರಿನ ಟ್ಯಾಂಕ್, ಹಿಂಬದಿಯಲ್ಲಿ ಹಾದುಹೋಗುವ ವಿದ್ಯುತ್ ಮಾರ್ಗ. ಶನಿವಾರ ಟೇಪು ಹಿಡಿದುಕೊಂಡು ಹೋಗುತ್ತಿದ್ದೇನೆ. ಮಾಸ್ಟ್ ಮುರಿದು ಬಿದ್ದರೂ ಆ ತಂತಿಗೆ ತಾಗದಷ್ಟು ದೂರ ಸಿಕ್ಕರೆ, ಅದನ್ನು ಬಿಗಿದು ಹಿಡಿಯುವ ಸ್ಟೇ ವೈರ್ ಎಲ್ಲಿ ಕಟ್ಟುವುದೆಂದು ನೋಡುತ್ತೇವೆ. ಆಂಟೆನಾದ ಹೆಸರು ಆಮೇಲೆ.