ಹಾಸ್ಟೆಲ್ ಟಿವಿಯಲ್ಲಿ ಕಂಡ ವಿನೋದ್ ದುವಾ

ಈಗಿನ ವಿದ್ಯಾರ್ಥಿಗಳಲ್ಲಿ ಟಿವಿ ಪತ್ರಕರ್ತ ವಿನೋದ್ ದುವಾ ಹೆಸರು ಕೇಳಿದವರು ಕಡಿಮೆ ಇರಬಹುದು. 1989ರಲ್ಲಿ ಕಲಬುರಗಿಯ ನಮ್ಮ ಹಾಸ್ಟೆಲಿನಲ್ಲಿ ಅವರ ದನಿ ಗೊತ್ತಿಲ್ಲದವರೇ ಇರಲಿಲ್ಲ.

ಆ ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ಆಗ ಇದ್ದದ್ದು ಮತಪತ್ರ, ಎಣಿಕೆ ದಿನಗಟ್ಟಲೆ ನಡೆಯುತ್ತಿತ್ತು, ನಡುವೆ ದೂರದರ್ಶನದವರು ಸಿನಿಮಾನೂ ಹಾಕುತ್ತಿದ್ದರು. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ "ಬಂತೇನ್ರೋ?" ಅಂತ ಕೂಗಬೇಕು, ಕೆಳಗಿದ್ದವರು "ಇನ್ನೊಂಚೂರು ತಿರುಗ್ಸೋ" ಅನ್ನಬೇಕು. ಟಿವಿಯಲ್ಲಿ ಚಿತ್ರ ಸರಿಯಾಗಿ ಮೂಡಿದ ಮೇಲೆ ಚುನಾವಣಾ ವಿಶ್ಲೇಷಕ ಪ್ರಣಯ್ ರಾಯ್ ಇಂಗ್ಲಿಷಿನಲ್ಲಿ ಲೆಕ್ಕ ಬಿಡಿಸುತ್ತಿದ್ದರು, ಪಕ್ಕದಲ್ಲಿ ಕೂತ ದುವಾ ಅದನ್ನೇ ಹಿಂದಿಯಲ್ಲಿ ಹೇಳುತ್ತಿದ್ದರು. ನಾವು ಆಳಂದ, ಅಫಜಲಪುರ, ಸೇಡಂ ಕಡೆ ಹಳ್ಳಿ ಹುಡುಗರು, ಇಂಗ್ಲಿಷ್ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಬಜಾರಿನಲ್ಲಿ ದಿನಾ ಉರ್ದು ಕಿವಿಗೆ ಬೀಳುವ ಊರಲ್ವಾ ನಮ್ಮದು, ದುವಾ ಮಾತು ನೇರ ಒಳಗೆ ಇಳಿಯುತ್ತಿತ್ತು. ರಾಜಕೀಯ ಅಂದರೆ ದೊಡ್ಡವರ ವಿಷಯ ಅಂದುಕೊಂಡಿದ್ದ ನಮಗೆ ಅದನ್ನು ಕೂತು ಲೆಕ್ಕ ಹಾಕಬಹುದು, ವಾದಿಸಬಹುದು ಅಂತ ತೋರಿಸಿದ್ದು ಅವರೇ. ದೇಶದಲ್ಲಿ ಕಾಂಗ್ರೆಸ್ 197ಕ್ಕೆ ಇಳಿಯಿತು, ನಮ್ಮ ರಾಜ್ಯದಲ್ಲಿ ಅದೇ ಪಕ್ಷಕ್ಕೆ 178 ವಿಧಾನಸಭೆ ಸೀಟು ಬಂದು ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಇದು ಹೇಗಾಯಿತು ಅಂತ ಮೆಸ್ಸಿನಲ್ಲಿ ರೊಟ್ಟಿ ಆರುವವರೆಗೂ ಜಗಳ.

ದುವಾ 1974ರಲ್ಲೇ ದೂರದರ್ಶನಕ್ಕೆ ಬಂದವರು. 1985ರ 'ಜನವಾಣಿ'ಯಲ್ಲಿ ಸಾಮಾನ್ಯ ಜನ ಮಂತ್ರಿಗಳನ್ನು ನೇರವಾಗಿ ಪ್ರಶ್ನೆ ಕೇಳುತ್ತಿದ್ದರು, ಅದೂ ಸರ್ಕಾರದ ಚಾನೆಲಿನಲ್ಲಿ! ನನಗೆ ಅವರ ಇಡೀ ವೃತ್ತಿಯಲ್ಲಿ ಇದೇ ದೊಡ್ಡದು ಅನಿಸುತ್ತದೆ. ಆಮೇಲೆ ಎನ್‌ಡಿಟಿವಿ, 2008ರಲ್ಲಿ ಪದ್ಮಶ್ರೀ, ಊರೂರು ಸುತ್ತಿ ಊಟ ತೋರಿಸಿದ ಕಾರ್ಯಕ್ರಮ.

ಕೊನೆಗಾಲದಲ್ಲಿ ಯೂಟ್ಯೂಬಿನಲ್ಲಿ ಸರ್ಕಾರವನ್ನು ಟೀಕಿಸಿದ್ದಕ್ಕೆ ಹಿಮಾಚಲದಲ್ಲಿ ರಾಜದ್ರೋಹದ ಕೇಸು ಬಿತ್ತು. 2021ರ ಜೂನ್ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಿಂಸೆಗೆ ಪ್ರಚೋದಿಸದೆ ಸರ್ಕಾರವನ್ನು ಬರೀ ಟೀಕಿಸಿದರೆ ಅದು ರಾಜದ್ರೋಹವಲ್ಲ ಅಂತ ಅದೇ ಕೋರ್ಟ್ 1962ರ ಕೇದಾರನಾಥ್ ಸಿಂಗ್ ಕೇಸಿನಲ್ಲಿ ಹೇಳಿತ್ತು, ಆ ರಕ್ಷಣೆ ಪ್ರತಿಯೊಬ್ಬ ಪತ್ರಕರ್ತರಿಗೂ ಇದೆ ಅಂತ ಹೇಳಿತು. ಅದೇ ತಿಂಗಳು ಅವರ ಹೆಂಡತಿ ಕೊರೋನಾದಿಂದ ತೀರಿಕೊಂಡರು, ಡಿಸೆಂಬರ್ 4ಕ್ಕೆ ಅವರೂ ಹೋದರು.

ಪತ್ರಿಕೋದ್ಯಮ ಓದುತ್ತಿರುವ ತಮ್ಮ ತಂಗಿಯರೇ, ದುವಾ ಕೇಸಿನ ಆ 2021ರ ತೀರ್ಪನ್ನು ಒಮ್ಮೆ ಪೂರ್ತಿ ಓದಿ. ಮೇಷ್ಟ್ರುಗಳೂ ಒಂದು ಪೀರಿಯಡ್ ಅದಕ್ಕೆ ಕೊಟ್ಟರೆ ನನಗೆ ಬಹಳ ಖುಷಿ.