“ಮತ್ತೊಮ್ಮೆ ಕೇಳ್ರಿ”

ಮೊನ್ನೆ ಆಳಂದದ ಹೊಲದಿಂದ ನನ್ನ ತಮ್ಮ ಒಂದು ಫೋಟೊ ಕಳಿಸಿದ. ಹೂ ಬಿಟ್ಟ ತೊಗರಿ ಗಿಡ, ನಿಂತಲ್ಲೇ ಒಣಗಿತ್ತು. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ. ಸೀಳಿ ನೋಡು ಅಂದೆ. ಒಳಗೆ ಕಪ್ಪು ಗೆರೆ. ನೆಟೆ ರೋಗ, ಸಂಶಯವೇ ಇಲ್ಲ.

ನಮ್ಮ ರೈತರು ಫೋನಿನಲ್ಲಿ ಸಂದೇಶ ಹಂಚಿಕೊಳ್ಳುವ ಗುಂಪಿನಲ್ಲಿ ಇದಕ್ಕೆ ಒಳ್ಳೆಯ ಉತ್ತರ ಇತ್ತು. ಚಿಂಚೋಳಿ ಕಡೆಯ ಹಿರಿಯರೊಬ್ಬರು ಬರೆದಿದ್ದು, ನನಗೆ ಚೆನ್ನಾಗಿ ನೆನಪಿದೆ. ಆ ಗುಂಪಿನಲ್ಲಿ ‘ನೆಟೆ ರೋಗ’ ಅಂತ ಹುಡುಕಿದೆ. ಬಂದಿದ್ದೆಲ್ಲ ಔಷಧಿ ಜಾಹೀರಾತು. ಗುಂಪು ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿದರೆ, “ಹಳೇದು ಯಾಕ ಹುಡುಕ್ತೀರಿ ಅಕ್ಕಾ, ಮತ್ತೊಮ್ಮೆ ಕೇಳ್ರಿ” ಅಂದ.

ಒಳ್ಳೆ ಹುಡುಗ. ಯಾರಿಗೆ ಕಷ್ಟ ಬಂದರೂ ಮೊದಲು ಓಡಿ ಬರುವವನು. ಆದರೂ ಆ ಮಾತು ವಾರವಿಡೀ ತಲೆಯಿಂದ ಹೋಗಲಿಲ್ಲ. ಮತ್ತೊಮ್ಮೆ ಕೇಳ್ರಿ. ಯಾರನ್ನ ಕೇಳಲಿ? ಆ ಹಿರಿಯರು ಹೋದ ವರ್ಷ ತೀರಿಕೊಂಡರು.

ಹಳೇ ಮಾತುಗಳನ್ನು ಒಂದೊಂದಾಗಿ ಸರಿಸುತ್ತಾ ಹೋಗಿ ಕೊನೆಗೂ ಹಿಡಿದೆ. ಅದರಲ್ಲಿ ‘ನೆಟೆ’ ಅನ್ನುವ ಪದವೇ ಇಲ್ಲ! ಕೇಳಿದವರು “ಗಿಡ ನಿಂತಲ್ಲೇ ಒಣಗಲಾಕತ್ಯಾವ” ಅಂದಿದ್ದರು. ಹಿರಿಯರ ಉತ್ತರವೂ ಅಷ್ಟೇ ಸರಳ. ರೋಗ ಮಣ್ಣಿನಲ್ಲಿದೆ, ಈಗ ಏನು ಸಿಂಪಡಿಸಿದರೂ ಒಣಗಿದ ಗಿಡ ಉಳಿಯೋದಿಲ್ಲ, ಸುಮ್ನೆ ದುಡ್ಡು ಹಾಳು. ಮುಂದಿನ ಸಲ ಆ ಹೊಲಕ್ಕೆ ಜೋಳ ಹಾಕು. ಮತ್ತೆ ತೊಗರಿ ಬಿತ್ತುವಾಗ ಈ ರೋಗ ತಡೆಯುವ ಟಿಎಸ್-3ಆರ್ ತಳಿ ತಗೋ, ಬೀಜಕ್ಕೆ ಟ್ರೈಕೋಡರ್ಮಾ (ಮಣ್ಣಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಹಚ್ಚು.

ಇಂಥ ಉತ್ತರ ಇದ್ದೂ ಸಿಗಲ್ಲ ಅಂದರೆ ಹೊಟ್ಟೆ ಉರಿಯುತ್ತೆ. ಈ ಹುಡುಕಾಟ ಅಕ್ಷರಕ್ಕೆ ಅಕ್ಷರ ಹೊಂದಿಸುತ್ತದೆ, ಅಷ್ಟೇ. ‘ಬೇರು’ ಅಂತ ಹಾಕಿದರೆ ‘ಬೇರಿಗೆ’ ಬರೋದಿಲ್ಲ. ನಮ್ಮ ಊರು 2014ರ ನವೆಂಬರ್ 1ಕ್ಕೆ ಕಲಬುರಗಿ ಆಯಿತು, ಆದರೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿದ್ದು ‘ಗುಲ್ಬರ್ಗಾ ತೊಗರಿ ಬೇಳೆ’ಗೆ. ಒಂದು ಹೆಸರು ಹಾಕಿದರೆ ಇನ್ನೊಂದು ಕಾಣೋದಿಲ್ಲ. ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತಾರೆ. ಗುಂಪಿನ ಹೆಂಗಸರು ಜಾಸ್ತಿ ಧ್ವನಿ ಸಂದೇಶವನ್ನೇ ಕಳಿಸ್ತಾರೆ. ಬೀಜ ಆರಿಸೋದು, ಕಾಳಿಗೆ ಹುಳ ಬೀಳದಂತೆ ಕಾಯೋದು ಅವರಿಗೇ ಗೊತ್ತು. ಆ ಮಾತು ಯಾವ ಹುಡುಕಾಟಕ್ಕೂ ಸಿಗೋದಿಲ್ಲ.

ಪದ ಬೇರೆಯಾದರೂ ಅರ್ಥ ಹತ್ತಿರ ಇದ್ದರೆ ಹುಡುಕಿ ಕೊಡುವ ತಂತ್ರ ಈಗ ಇದೆ. ವಾಕ್ಯವನ್ನು ಅಂಕಿಗಳ ಸಾಲಾಗಿ ಮಾಡಿ, ಅದಕ್ಕೆ ಹತ್ತಿರದ ಸಾಲುಗಳಿರುವ ಹಳೇ ಮಾತುಗಳನ್ನು ತೆಗೆದುಕೊಡುತ್ತದೆ. ಅದಕ್ಕೆ ‘ಒಣಗಲಾಕತ್ಯಾವ’ ಕೂಡ ಗೊತ್ತಾಗಬೇಕು, ಅಲ್ವಾ? ಬರೀ ಪುಸ್ತಕದ ಕನ್ನಡ ಕಲಿಸಿದರೆ ನಮ್ಮ ಹೊಲಕ್ಕೆ ಉಪಯೋಗವಿಲ್ಲ. ಉತ್ತರ ಒಂದನ್ನೇ ಕಿತ್ತು ಕೊಟ್ಟರೂ ಸಾಲದು. ಹಿರಿಯರ ಮಾತಿನ ಕೆಳಗೇ ಜೇವರ್ಗಿಯವರೊಬ್ಬರು “ಆ ತಳಿಗೆ ನಮ್ಮಲ್ಲಿ ಗೊಡ್ಡು ರೋಗ ಬಂತು” ಅಂತ ಬರೆದಿದ್ದರು. ಅದು ಗಿಡ ಹೂ, ಕಾಯಿ ಬಿಡದಂತೆ ಮಾಡುವ ರೋಗ. ತಮ್ಮ ಅದನ್ನೂ ಓದಬೇಕು. ಆಮೇಲೆ ತಳಿ ಅವನೇ ಆರಿಸಲಿ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ವಾದ ಮಾಡಲಿಲ್ಲ. ಸಂಜೆಯೊಳಗೆ ಗುಂಪಿನ ಹಳೇ ಮಾತೆಲ್ಲ ಫೈಲಿಗೆ ಇಳಿಸಿ ಕಳಿಸಿದ. ಭಾನುವಾರ ಇಬ್ಬರೂ ಕೂತು ಧ್ವನಿ ಸಂದೇಶಗಳಿಂದ ಶುರು ಮಾಡ್ತೇವೆ. ಕೇಳಿ ಬರೆಯೋದು, ಪ್ರತಿಯೊಂದಕ್ಕೂ ಊರು, ತಿಂಗಳು, ಮಣ್ಣು, ತಳಿ ಸೇರಿಸೋದು. ತಮ್ಮನೂ ಬರ್ತಾನಂತೆ. ಆ ಹೊಲಕ್ಕೆ ಯಾವ ಜೋಳ ಹಾಕಬೇಕು ಅಂತ ಯಾರಾದರೂ ಹೇಳಿದ್ದಾರಾ, ಅವನಿಗೆ ಅದು ಬೇಕಾಗಿದೆ.